ಪುಕ್ಕಟೆ ಆಳು, ಪಗಾರದ ಮೇಸ್ತ್ರಿ

ದೊಡ್ಡ ಕ್ರೀಡಾಕೂಟ ಅಂದಮೇಲೆ ಎಲ್ಲರಿಗೂ ಏನಾದರೊಂದು ದಕ್ಕುತ್ತದೆ. ಗೆದ್ದವರಿಗೆ ಪದಕ, ಸೋತವರಿಗೆ ಅನುಭವ, ಗುತ್ತಿಗೆದಾರರಿಗೆ ಬಿಲ್ಲು, ಉದ್ಘಾಟಕರಿಗೆ ಶಾಲು-ಪೇಟ. ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತು ಗೇಟು ಕಾಯುವವನಿಗೆ ಒಂದು ಟಿ-ಶರ್ಟು. ಅವನೇ ಸ್ವಯಂಸೇವಕ. ಅವನನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ಬಿಡಬೇಕು, ಊಟದ ಕೂಪನ್ ಎಷ್ಟೊತ್ತಿಗೆ ಕೊಡಬೇಕು ಎಂದು ಲೆಕ್ಕ ಇಡಲು ಈಗ ಸಾಫ್ಟ್‌ವೇರ್ ಬಂದಿದೆ. ಆ ಸಾಫ್ಟ್‌ವೇರಿಗೆ ಚಂದಾ ಕಟ್ಟಬೇಕು. ಬರೆದವರಿಗೆ ಪಗಾರ, ಮಾರಿದವರಿಗೆ ಕಮಿಷನ್, ಕೊಳ್ಳಿರಿ ಎಂದು ಸಲಹೆ ಕೊಟ್ಟವರಿಗೆ ಸಲಹಾ ಶುಲ್ಕ. ಒಬ್ಬ ಪುಕ್ಕಟೆ ಆಳಿನ ಹಿಂದೆ ಇಷ್ಟು ಮಂದಿಯ ಸಂಸಾರ ನಡೆಯುವುದನ್ನು ಕಂಡರೆ, ಸೇವೆಯಿಂದ ದೇಶ ಉದ್ಧಾರವಾಗುತ್ತದೆ ಎಂದ ಹಿರಿಯರ ಮಾತು ಸುಳ್ಳಲ್ಲ ಅನಿಸುತ್ತದೆ.

ಯಂತ್ರವನ್ನು ಸುಮ್ಮನೆ ಬೈಯಬಾರದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬೇಕಾಗಿದ್ದವರು 45 ಸಾವಿರ ಮಂದಿ. ಅರ್ಜಿ ಹಾಕಿದವರು 3 ಲಕ್ಷಕ್ಕೂ ಮೇಲೆ. ಇಷ್ಟು ಜನರ ಹೆಸರು, ಭಾಷೆ, ಪಾಳಿ, ಅಂಗಿಯ ಅಳತೆ, ಗುರುತಿನ ಚೀಟಿ ಇವನ್ನೆಲ್ಲ ನೋಟಬುಕ್ಕಿನಲ್ಲಿ ಬರೆದಿಟ್ಟರೆ ಕೂಟ ಮುಗಿದ ಮೇಲೂ ಬರೆಯುವವನ ಕೈ ನಿಲ್ಲುತ್ತಿರಲಿಲ್ಲ. ಸಾಫ್ಟ್‌ವೇರ್ ಇದ್ದರೆ ಮೊಬೈಲಿನಲ್ಲಿ ಹೆಸರು ನೋಂದಾಯಿಸಿ, ವಿಡಿಯೊ ನೋಡಿ ತರಬೇತಿ ಮುಗಿಸಿ, ಕ್ಯೂಆರ್ ಕೋಡ್ ತೋರಿಸಿ ಹಾಜರಿ ಹಾಕಿದರಾಯಿತು. ಬಾರದವನ ಜಾಗಕ್ಕೆ ಕಾಯ್ದಿಟ್ಟವನಿಗೆ ತಾನೇ ಸಂದೇಶ ಹೋಗುತ್ತದೆ. ಇಷ್ಟೆಲ್ಲ ಬಲ್ಲ ಆ ಪ್ಯಾರಿಸ್ಸಿನಲ್ಲಿ, ಬಂದವರು ಇರಲು ಜಾಗ ಮಾತ್ರ ತಾವೇ ಹುಡುಕಿಕೊಳ್ಳಬೇಕಿತ್ತು. ನಮ್ಮ ಕಡೆ ಜಾತ್ರೆಗೆ ಬಂದ ಡೊಳ್ಳಿನವರಿಗೂ ಗುಡಿಯ ಕಟ್ಟೆ ಇರುತ್ತದೆ.

2012ರ ಲಂಡನ್ನಿನದು ಇನ್ನೂ ಸ್ವಾರಸ್ಯದ ಕಥೆ. ಅಲ್ಲಿ 70 ಸಾವಿರ ಮಂದಿಗೆ ‘ಗೇಮ್ಸ್ ಮೇಕರ್ಸ್’ ಎಂದು ಬಿರುದು ಕೊಟ್ಟು, ನೇರಳೆ-ಕೆಂಪು ಅಂಗಿ ತೊಡಿಸಿ ನಿಲ್ಲಿಸಿದರು. ಅರ್ಜಿ ಹಾಕಿದ್ದವರು 2 ಲಕ್ಷ 40 ಸಾವಿರ. ಪುಕ್ಕಟೆ ಬಂದ ಈ ಮಂದಿ ನಗುನಗುತ್ತಾ ಕೆಲಸ ಮಾಡಿ ಊರೆಲ್ಲ ಹೊಗಳುವಂತೆ ಮಾಡಿದರು. ಅದೇ ಕೂಟಕ್ಕೆ ಪಗಾರದ ಕಾವಲುಗಾರರನ್ನು ಒದಗಿಸುವ ಗುತ್ತಿಗೆ ಜಿಫೋರ್‌ಎಸ್ ಎಂಬ ಜಗತ್ಪ್ರಸಿದ್ಧ ಕಂಪನಿಗೆ ಸಿಕ್ಕಿತ್ತು. ಕೊಡಬೇಕಾದವರು 10,400 ಮಂದಿ, ಗುತ್ತಿಗೆ 28 ಕೋಟಿ ಪೌಂಡಿಗೂ ಮೇಲೆ. ಉದ್ಘಾಟನೆಗೆ ಎರಡು ವಾರ ಉಳಿದಾಗ ಕಂಪನಿ ಕೈ ಎತ್ತಿತು. ಕಾಗದದ ಮೇಲೆ ಮಂದಿ ಇದ್ದರು, ಗೇಟಿನ ಮುಂದೆ ಇರಲಿಲ್ಲ. ಸರ್ಕಾರ ಹೆಚ್ಚುವರಿಯಾಗಿ 3,500 ಸೈನಿಕರನ್ನು ಕರೆಸಿ ಚೀಲ ತಪಾಸಣೆಗೆ ನಿಲ್ಲಿಸಿತು. ಕಂಪನಿಯ ಮುಖ್ಯಸ್ಥ ಸಂಸದರ ಸಮಿತಿಯ ಮುಂದೆ ಕೂತು ಉಗಿಸಿಕೊಂಡ.

ಕಾಗದದ ಮೇಲಿನ ಮಂದಿ ಗೇಟಿಗೆ ಬಾರದಂತೆ ಮಾಡುವುದನ್ನು ದಿಲ್ಲಿಯಲ್ಲಿ ನಾವು ಎರಡು ವರ್ಷ ಮೊದಲೇ ಸಾಧಿಸಿದ್ದೆವು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಸುಮಾರು 22 ಸಾವಿರ ಸ್ವಯಂಸೇವಕರಲ್ಲಿ 10 ಸಾವಿರದಷ್ಟು ಮಂದಿ ಬಿಟ್ಟುಹೋದರೆಂದು ಆಗ ಸುದ್ದಿಯಾಗಿತ್ತು. ಕೆಲವರು ಹೋಗುವಾಗ ಸಮವಸ್ತ್ರವನ್ನೂ ಒಯ್ದರಂತೆ. ಒಯ್ಯಲಿ ಬಿಡಿ. ಆ ಕೂಟದಲ್ಲಿ ಯಾರು ಯಾರು ಏನೇನು ಒಯ್ದರು ಎಂಬುದರ ತನಿಖೆ ವರ್ಷಗಟ್ಟಲೆ ನಡೆಯಿತು. ಅದರ ಮುಂದೆ ಒಂದು ಟಿ-ಶರ್ಟು, ಒಂದು ಟೊಪ್ಪಿಗೆ ಯಾವ ಲೆಕ್ಕ?

ಈಗ ನಮ್ಮಲ್ಲೂ ವ್ಯವಸ್ಥೆ ಸುಧಾರಿಸಿದೆ. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ‘ಮೇರಾ ಯುವ ಭಾರತ್’ ಎಂಬ ಪೋರ್ಟಲ್ ತೆರೆದಿದೆ; 15ರಿಂದ 29 ವರ್ಷದವರು ಅಲ್ಲಿ ಹೆಸರು ಹಚ್ಚಿ ಸೇವೆಗೆ ಸಿದ್ಧರಾಗಬಹುದು. ಅಷ್ಟಾದರೂ ದೊಡ್ಡ ಕೂಟ ಬಂದಾಗ ಹಳೇ ಪದ್ಧತಿ ಮರೆಯುವುದಿಲ್ಲ. ಮೇಲಿಂದ ಫೋನು ಬರುತ್ತದೆ, ಕಾಲೇಜಿನವರು ಎನ್‌ಎಸ್‌ಎಸ್ ಹುಡುಗರನ್ನು ಬಸ್ಸಿಗೆ ತುಂಬುತ್ತಾರೆ. ಎನ್‌ಎಸ್‌ಎಸ್ ಸೇರಿದವರು ವರ್ಷಕ್ಕೆ 120 ತಾಸು ಸೇವೆ ಮಾಡಬೇಕೆಂಬ ನಿಯಮ ಇದೆಯಲ್ಲ, ಆ ತಾಸುಗಳಲ್ಲಿ ಕೆಲವು ಮಂತ್ರಿಗಳ ಕಾರು ಬರುವ ದಾರಿ ನೋಡುವುದರಲ್ಲೇ ಜಮೆಯಾಗುತ್ತವೆ. ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಬಂದರೆ ದೈಹಿಕ ಶಿಕ್ಷಕರೇ ಸುಣ್ಣದ ಗೆರೆ ಎಳೆಯುವವರು, ಸೀಟಿ ಊದುವವರು, ಮಕ್ಕಳಿಗೆ ಊಟ ಬಡಿಸುವವರು. ಉಳಿದ ಮಾಸ್ತರರ ಸೇವಾ ಉತ್ಸಾಹ ಬಿಇಒ ಕಚೇರಿಯ ಆದೇಶದ ಪ್ರತಿ ಕೈಸೇರಿದ ಕ್ಷಣ ಉಕ್ಕುತ್ತದೆ.

ಒಂದು ವೇಳೆ ಈ ಸಾಫ್ಟ್‌ವೇರ್ ಶಲವಡಿಗೇ ಬಂತು ಅಂತ ತಿಳೀರಿ. (ಹೆಸರಿಗೆ ಶಲವಡಿ ಅಂದೆ. ಅಣ್ಣಿಗೇರಿ, ನವಲಗುಂದ ಕಡೆಯ ಉಳಿದ ಊರಿನವರು ನಗಬೇಕಾಗಿಲ್ಲ.) ಊರಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ. ಒಂದು ನಿಮಿಷದಲ್ಲಿ ಜೋಡೆತ್ತು ಎಷ್ಟು ಅಡಿ ಓಡಿದವು ಎಂಬುದೇ ಫಲಿತಾಂಶ. ಒಬ್ಬ ಮೊಬೈಲ್ ಹಿಡಿದು ಸಮಯ ನೋಡಬೇಕು, ಇಬ್ಬರು ಟೇಪು ಹಿಡಿದು ಎರಿಮಣ್ಣಿನಲ್ಲಿ ಓಡಬೇಕು. ಇವರಿಗಿಂತ ದೊಡ್ಡ ಕೆಲಸ ಹಗ್ಗ ಹಿಡಿದು ನಿಲ್ಲುವವರದು. ಎರಡೂ ಬದಿಯಲ್ಲಿ ಮಂದಿ ಗೋಡೆ ಕಟ್ಟಿದಂತೆ ನಿಂತಿರುತ್ತಾರೆ. ಎತ್ತು ಹತ್ತಿರ ಬಂದಷ್ಟೂ ಹಿಂದೆ ಸರಿಯುವುದು ಬಿಟ್ಟು, ವಿಡಿಯೊ ಸಲುವಾಗಿ ಮುಂದೆ ಬಾಗುತ್ತಾರೆ. ಮೈಕಿನವ ‘ಹಿಂದ ಸರೀರೀ, ದಯವಿಟ್ಟು ಹಿಂದ ಸರೀರೀ’ ಎಂದು ಗಂಟಲು ಹರಿದುಕೊಳ್ಳುತ್ತಾನೆ. ಹಗ್ಗದ ಹುಡುಗರು ಎದೆ ಕೊಟ್ಟು ಮಂದಿಯನ್ನು ಹಿಂದಕ್ಕೆ ನೂಕುತ್ತಾರೆ. ನೂಕಿಸಿಕೊಂಡವರಲ್ಲಿ ಅವರ ಸೋದರಮಾವನೂ ಇರುತ್ತಾನೆ.

ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಇಂಜಿನಿಯರ್ ಹುಡುಗ ಲ್ಯಾಪ್‌ಟಾಪ್ ತೆರೆದು ಕಮಿಟಿಯ ಮುಂದೆ ಕೂಡುತ್ತಾನೆ. ಹಗ್ಗ ಹಿಡಿಯುವವನು ಅದರಲ್ಲಿ ‘ಜನಸಂದಣಿ ನಿರ್ವಹಣಾ ಸಹವರ್ತಿ’. ಚಾ ಹಂಚುವವನು ‘ಆತಿಥ್ಯ ಸಂಯೋಜಕ’. ಇಷ್ಟದ ಕೆಲಸವನ್ನು ಅವರವರೇ ಆರಿಸಿಕೊಳ್ಳಬಹುದು ಎಂದು ಹುಡುಗ ಹೇಳುತ್ತಾನೆ. ಬೆಳಗಾಗುವುದರೊಳಗೆ 60 ಹೆಸರು ಬಿದ್ದಿರುತ್ತವೆ. 58 ಮಂದಿ ಆರಿಸಿದ್ದು ವೇದಿಕೆ ನಿರ್ವಹಣೆ. ಶಾಸಕರ ಪಕ್ಕ ನಿಂತು ಫೋಟೊಕ್ಕೆ ಬೀಳುವ ಜಾಗ ಅದೊಂದೇ. ಉಳಿದ ಇಬ್ಬರು ಬೇರೆ ಕೆಲಸ ಆರಿಸಿದ್ದು ಬೆರಳು ತಪ್ಪಿ. ಉಂಡ ಎಲೆ ಎತ್ತುವ ಕೆಲಸದ ಮುಂದೆ ಸೊನ್ನೆ.

ಯಂತ್ರ ಸೋಲೊಪ್ಪುವುದಿಲ್ಲ. ಖಾಲಿ ಇದ್ದ ಜಾಗಗಳಿಗೆ ತಾನೇ ಹೆಸರು ತುಂಬುತ್ತದೆ. ಪಂಚಾಯ್ತಿ ಚುನಾವಣೆಯಲ್ಲಿ ಎದುರಾಬದುರಾ ನಿಂತು, ಅಂದಿನಿಂದ ಮಾತು ಬಿಟ್ಟ ಎರಡು ಮನೆಯ ಹುಡುಗರನ್ನು ಒಂದೇ ಹಗ್ಗದ ಎರಡು ತುದಿಗೆ ನಿಲ್ಲಿಸುತ್ತದೆ. ಗಾಡಾ ಓಟ ನಿಂತು ಹಗ್ಗಜಗ್ಗಾಟ ಸುರುವಾಗುತ್ತದೆ. ಯಾರನ್ನು ಯಾರ ಹತ್ತಿರ ನಿಲ್ಲಿಸಬಾರದು ಎಂಬ ಡೇಟಾ ಊರಲ್ಲಿ ಇಲ್ಲವೆಂದಲ್ಲ. ಅದು ಚಾದಂಗಡಿ ಕಟ್ಟೆಯ ಮೇಲೆ ಕೂಡುವ ಹಿರಿಯರ ತಲೆಯಲ್ಲಿದೆ, ಮೂರು ತಲೆಮಾರಿನದು, ದಿನಾ ಎರಡು ಹೊತ್ತು ಅಪ್‌ಡೇಟ್ ಆಗುತ್ತದೆ.

ಒಂದು ಮಾತನ್ನು ಮಾತ್ರ ನಗದೆ ಹೇಳಬೇಕು. ಹೊರಗಿನ ಊರುಗಳಿಂದ ಬಂದ ಗಾಡಾದವರಿಗೆ, ಕಮಿಟಿಯವರಿಗೆ, ಮೈಕಿನವರಿಗೆ ಮನೆಮನೆಯಿಂದ ರೊಟ್ಟಿ ಬರುತ್ತದೆ. ನಸುಕಿನಲ್ಲಿ ಎದ್ದು ಅವನ್ನು ಬಡಿದವರ ಹೆಸರಿಗೆ ಸಾಫ್ಟ್‌ವೇರಿನಲ್ಲಿ ಕಾಲಮ್ಮೇ ಇಲ್ಲ. ಹೊಸ ಯಂತ್ರದ ತಪ್ಪಲ್ಲ ಅದು. ಸರ್ಕಲ್ಲಿನ ಫ್ಲೆಕ್ಸಿನಲ್ಲಿ 40 ಮುಖ ಅಚ್ಚು ಹಾಕಿಸುವ ಗಂಡಸರೂ ಆ ಕಾಲಮ್ಮು ಇಟ್ಟಿಲ್ಲ. ಈ ಒಂದು ವಿಷಯದಲ್ಲಿ ಶಲವಡಿಯೂ ಸಿಲಿಕಾನ್ ವ್ಯಾಲಿಯೂ ಅಣ್ಣತಮ್ಮಂದಿರು.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಬಂದಿದೆ. 2036ರ ಒಲಿಂಪಿಕ್ಸ್ ಕೂಡ ಬೇಕೆಂದು ದೇಶ ಕೈ ಚಾಚಿ ನಿಂತಿದೆ. ಪುಕ್ಕಟೆ ಆಳಿನ ಹಂಗಾಮು ಮುಂದಿದೆ ಎಂದು ತಿಳಿದವರು ಈಗಲೇ ಬೀಜ ಬಿತ್ತುತ್ತಿರಬಹುದು. ನಮ್ಮ ಇಂಜಿನಿಯರ್ ಹುಡುಗ ಮಾತ್ರ ಇನ್ನೂ ಕಮಿಟಿಯ ಮುಂದೆಯೇ ಕೂತಿದ್ದಾನೆ. ಅಷ್ಟೊತ್ತು ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದ ಹಿರಿಯರು ಬಾಯಿ ತೆರೆಯುತ್ತಾರೆ.

‘ತಮ್ಮಾ, ಈ ಮಿಷನ್ನಿಗೆ ಎಷ್ಟು ರೊಕ್ಕ ಅಂದಿ?’

‘ಮಿಷನ್ ಅಲ್ಲ ಕಾಕಾ, ಸಾಫ್ಟ್‌ವೇರ್. ಮಂದಿ ಲೆಕ್ಕದ ಮ್ಯಾಲೆ ರೇಟ್ ಐತಿ. ಒಬ್ಬೊಬ್ಬ ಸ್ವಯಂಸೇವಕಗ ಇಷ್ಟು ಅಂತ.’

‘ಅಂದ್ರ ಹಗ್ಗ ಹಿಡಿಯೂ ಹುಡುಗಗ ಒಂದು ಪೈಸಾ ಇಲ್ಲ, ಅಂವಾ ಹಿಡದಾನು ಅಂತ ಬರಕೊಳ್ಳೂ ಕಂಪನಿಗೆ ರೊಕ್ಕ.’

‘ಅದು ಸೇವಾ ಅಲ್ಲೇನ್ ಕಾಕಾ, ಊರಿನ ಸಲುವಾಗಿ…’

‘ಹಂಗಾರ ಕಂಪನಿಯವರೂ ಸೇವಾ ಮಾಡ್ಲಿ. ಅವರಿಗೂ ಟಿ-ಶರ್ಟು ಕೊಡೋಣು, ಸ್ಟೇಜಿನ ಮ್ಯಾಲೆ ಕರದು ಸರ್ಟಿಫಿಕೇಟ್ ಕೊಡೋಣು. ಮಧ್ಯಾಹ್ನ ಗೋದಿ ಹುಗ್ಗಿ ಐತಿ ಅಂತ ಹೇಳು. ಆದ್ರ ಬರೂಮುಂದ ಕೂಪನ್ ತರಾಕ ಹೇಳು ಮತ್ತ, ಇಲ್ಲಾಂದ್ರ ಪಂಗತಿಗೆ ಬಿಡಾಂಗಿಲ್ಲ.’