ಪೋಪನ ಪಕ್ಷ ಹಿಡಿದ ಬೈರನ್

ಇಂಗ್ಲಿಷ್ ಕಾವ್ಯದ ಪಾಠ ಕೇಳಿದವರಿಗೆಲ್ಲ ಒಂದು ಕಥೆ ಬಾಯಿಪಾಠವಾಗಿರುತ್ತದೆ. ಹದಿನೆಂಟನೆಯ ಶತಮಾನದ ಕವಿಗಳು ನಿಯಮಕ್ಕೆ ಕಟ್ಟುಬಿದ್ದು ಬುದ್ಧಿಯಿಂದ ಬರೆದರು. 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ‘ಲಿರಿಕಲ್ ಬ್ಯಾಲಡ್ಸ್’ ತಂದರು. ಅಲ್ಲಿಂದ ಮುಂದೆ ಕವಿಗಳು ಹೃದಯದಿಂದ ಬರೆಯತೊಡಗಿದರು. ಅತ್ತ ಅಭಿಜಾತರು, ಇತ್ತ ರಮ್ಯರು, ನಡುವೆ ಒಂದು ಗೋಡೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕವಿತೆಗಳನ್ನೇ ಕೈಗೆತ್ತಿಕೊಂಡು ಕೂತರೆ ಈ ಕಥೆ ನಿಲ್ಲುವುದಿಲ್ಲ. ಹಾಗೆ ಗಟ್ಟಿಯಾಗಿ ಹೇಳಲು ನನಗೆ ಧೈರ್ಯ ಕೊಟ್ಟವನು ಬೈರನ್.

ಬೈರನ್ ಎಂದರೆ ಯುರೋಪಿಗೆಲ್ಲ ರಮ್ಯಕವಿಯ ಮಾದರಿ. ದೇಶ ಬಿಟ್ಟವನು, ಪ್ರೇಮಪ್ರಕರಣಗಳಿಂದ ಹೆಸರು ಕೆಡಿಸಿಕೊಂಡವನು, ಗ್ರೀಸಿನ ಸ್ವಾತಂತ್ರ್ಯಕ್ಕೆಂದು ಹೋಗಿ 1824ರಲ್ಲಿ ಮಿಸೊಲೊಂಗಿಯಲ್ಲಿ ಜ್ವರದಿಂದ ಸತ್ತವನು. ಆಗ ಅವನಿಗೆ ಬರೀ 36 ವರ್ಷ. ಇಂಥವನು 1817ರ ಸೆಪ್ಟೆಂಬರಿನಲ್ಲಿ ಇಟಲಿಯಿಂದ ತನ್ನ ಪ್ರಕಾಶಕ ಜಾನ್ ಮರ್ರೆಗೆ ಒಂದು ಕಾಗದ ಬರೆದ. ತನ್ನ ಕವಿತೆಗಳನ್ನೂ ಗೆಳೆಯ ಟಾಮಸ್ ಮೂರ್‌ನ ಕವಿತೆಗಳನ್ನೂ ಇನ್ನು ಕೆಲವರವನ್ನೂ ಹದಿನೆಂಟನೆಯ ಶತಮಾನದ ಅಭಿಜಾತ ಕವಿ ಅಲೆಕ್ಸಾಂಡರ್ ಪೋಪನ ಪಕ್ಕದಲ್ಲಿಟ್ಟು ಓದಿ ನೋಡಿದನಂತೆ. ಓದಿ ಬೆರಗಾದ, ನಾಚಿದ. ಸ್ಕಾಟ್, ಸದೆ, ವರ್ಡ್ಸ್‌ವರ್ತ್, ತಾನು, ಎಲ್ಲರೂ ತಪ್ಪು ದಾರಿ ಹಿಡಿದಿದ್ದೇವೆ ಎಂದು ಬರೆದ. ಗಮನಿಸಬೇಕಾದ ಮಾತು ಇಲ್ಲಿದೆ: ಪೋಪ್ ಮೇಲು ಎಂದದ್ದು ವಿವೇಕದಲ್ಲಿ, ನಾದದಲ್ಲಿ ಮಾತ್ರವಲ್ಲ, ಕಲ್ಪನೆಯಲ್ಲಿ, ಭಾವದ ಬಿಸಿಯಲ್ಲಿ ಕೂಡ. ನಾಲ್ಕು ವರ್ಷದ ಮೇಲೆ ವಿಲಿಯಮ್ ಬೋಲ್ಸ್ ಎಂಬ ಪಾದ್ರಿಕವಿ ಪೋಪನನ್ನು ಕೆಳಗಿಳಿಸಿ ಮಾತಾಡಿದಾಗ, ಬೈರನ್ ಅವನ ವಿರುದ್ಧ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ.

ಪೋಪ್ ಹೇಗಿದ್ದ ಗೊತ್ತೆ? ಚಿಕ್ಕಂದಿನಲ್ಲಿ ಬೆನ್ನುಮೂಳೆಗೆ ಕ್ಷಯ ತಗಲಿ ಗೂನು ಬಿದ್ದಿತ್ತು. ಎತ್ತರ ನಾಲ್ಕೂವರೆ ಅಡಿ. ಕ್ಯಾಥೊಲಿಕ್ ಮನೆತನದವನಾದ್ದರಿಂದ ಆಗಿನ ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಓದಿದ್ದೆಲ್ಲ ಹೆಚ್ಚಾಗಿ ತಾನೇ ಕೂತು ಓದಿದ್ದು. ಈ ಮನುಷ್ಯನಿಗೆ ನೋವು ಗೊತ್ತಿರಲಿಲ್ಲ, ಬರೀ ಚಾತುರ್ಯವಿತ್ತು ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. 1717ರಲ್ಲಿ ಬಂದ ‘ಎಲೊಯಿಸಾ ಟು ಅಬೆಲಾರ್ಡ್’ ಓದಿ ನೋಡಿ. ಹನ್ನೆರಡನೆಯ ಶತಮಾನದ ಎಲೊಯಿಸಾ ಸನ್ಯಾಸಿನಿಯರ ಮಠದಲ್ಲಿ ಕೂತು ತನ್ನ ಹಳೆಯ ಪ್ರಿಯನಿಗೆ ಬರೆಯುವ ಪತ್ರ ಅದು. ಪ್ರಾರ್ಥನೆಗೆ ಕೂತರೆ ಅವನ ಮುಖ, ಅವನನ್ನು ಮರೆಯಹೋದರೆ ದೇವರ ಭಯ. ಪೋಪ್ ಬಳಸಿದ ಛಂದಸ್ಸು ಇಂಗ್ಲಿಷಿನ ಪ್ರಸಿದ್ಧ ದ್ವಿಪದಿ: ಸಾಲಿಗೆ ಹತ್ತು ಉಚ್ಚಾರಾಂಶ, ಎರಡೆರಡು ಸಾಲಿಗೆ ಅಂತ್ಯಪ್ರಾಸ, ಸಾಮಾನ್ಯವಾಗಿ ಎರಡನೆಯ ಸಾಲಿಗೆ ಅರ್ಥವೂ ಮುಗಿಯಬೇಕು. ಇಷ್ಟು ಇಕ್ಕಟ್ಟಿನಲ್ಲಿ ಉನ್ಮಾದ ಹೇಗೆ ಹಿಡಿಸೀತು ಎಂದು ಕೇಳಬಹುದು. ಇಕ್ಕಟ್ಟು ಇದ್ದುದರಿಂದಲೇ ಹಿಡಿಸಿತು. ಒಂದು ಸಾಲಿನಲ್ಲಿ ದೇವರ ಕಡೆಗೆ ತಿರುಗಿದವಳು ಮುಂದಿನ ಸಾಲಿನಲ್ಲಿ ಮನುಷ್ಯನ ಕಡೆಗೆ ಜಾರುತ್ತಾಳೆ. ಪ್ರಾಸ ಆ ಎರಡನ್ನೂ ಒಟ್ಟಿಗೆ ಕಟ್ಟಿಬಿಡುತ್ತದೆ. ಬಿಡಿಸಿಕೊಳ್ಳಲಾಗದ ಅವಳ ಸ್ಥಿತಿಗೆ ಇದಕ್ಕಿಂತ ಒಪ್ಪುವ ಛಂದಸ್ಸನ್ನು ನಾನು ಕಾಣೆ.

ಇನ್ನು ಕೀಟ್ಸ್. ಅವನಿಗೆ ಈ ದ್ವಿಪದಿಯ ಪಂಥದವರೆಂದರೆ ಆಗುತ್ತಿರಲಿಲ್ಲ. 1817ರ ತನ್ನ ಮೊದಲ ಪುಸ್ತಕದಲ್ಲೇ, ‘ಸ್ಲೀಪ್ ಆ್ಯಂಡ್ ಪೊಯಟ್ರಿ’ ಎಂಬ ಕವಿತೆಯಲ್ಲಿ, ಅವರನ್ನೆಲ್ಲ ಹೀಗಳೆದ. 1674ರಲ್ಲಿ ಕಾವ್ಯಕ್ಕೆ ನಿಯಮ ಬರೆದ ಫ್ರಾನ್ಸಿನ ಬ್ವಾಲೊನನ್ನು ಹೆಸರು ಹಿಡಿದೇ ಜರೆದ. ಬೈರನ್‌ಗೆ ಉರಿದುಹೋಯಿತು, ಕೀಟ್ಸ್‌ನನ್ನು ಬಾಯಿಗೆ ಬಂದಂತೆ ಬೈದ. ಆದರೆ ಎರಡೇ ವರ್ಷದಲ್ಲಿ ಕೀಟ್ಸ್ ಏನು ಮಾಡಿದ? 1819ರ ಬೇಸಿಗೆಯಲ್ಲಿ ‘ಲೇಮಿಯ’ ಬರೆಯಲು ಹೊರಟಾಗ ಡ್ರೈಡನ್‌ನ ಪದ್ಯಗಳನ್ನು ಮುಂದಿಟ್ಟುಕೊಂಡು ಆ ದ್ವಿಪದಿಯ ಕಟ್ಟನ್ನೇ ಅಭ್ಯಾಸ ಮಾಡಿದ. ಡ್ರೈಡನ್ ಎಂದರೆ ಪೋಪನಿಗೂ ಗುರು. ‘ಎಂಡಿಮಿಯನ್’ನಲ್ಲಿ ಕೀಟ್ಸ್ ಬರೆದ ದ್ವಿಪದಿ ಸಡಿಲ, ಅಲ್ಲಲ್ಲಿ ನೀರುನೀರು, ‘ಲೇಮಿಯ’ದಲ್ಲಿ ಸಾಲು ಸಾಲಿಗೂ ಬಿಗಿ ಬಂತು. ಅದೇ ವರ್ಷದ ವಸಂತದಲ್ಲಿ ಬರೆದ ಪ್ರಗಾಥಗಳನ್ನು ನೋಡಿ. ಗ್ರೀಕ್ ಕುಂಭದ ಮೇಲಿನ ಪ್ರಗಾಥ ಹತ್ತು ಹತ್ತು ಸಾಲಿನ ಐದು ಪದ್ಯ. ಸುನೀತವನ್ನು ಬಿಚ್ಚಿ, ಅದರ ತುಂಡುಗಳಿಂದ ಜೋಡಿಸಿಕೊಂಡ ಹೊಸ ಕಟ್ಟು ಅದು. ಗ್ರೀಕ್ ಓದಲು ಬಾರದ ಹುಡುಗ ಚಾಪ್‌ಮನ್ನನ ಅನುವಾದದಲ್ಲಿ ಹೋಮರನನ್ನು ಕಂಡ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಎಲ್ಗಿನ್ ತಂದ ಅಥೆನ್ಸಿನ ಶಿಲ್ಪಗಳನ್ನು ಕಂಡ, ತನ್ನ ಅತ್ಯಂತ ತೀವ್ರವಾದ ಮಾತನ್ನು ಆ ತಣ್ಣನೆಯ ಕಲ್ಲಿನ ಎದುರು ನಿಂತು ಆಡಿದ. ಅವನು 1821ರ ಫೆಬ್ರವರಿಯಲ್ಲಿ ರೋಮಿನಲ್ಲಿ ತೀರಿಕೊಂಡ ಮೇಲೆ ಬೈರನ್ ಕೂಡ ಮಾತು ತಿದ್ದಿಕೊಂಡ. ಕೀಟ್ಸ್‌ನ ‘ಹೈಪೀರಿಯನ್’ ಈಸ್ಕಿಲಸನಷ್ಟು ಭವ್ಯ ಎಂದು ಬರೆದಿಟ್ಟ.

ವರ್ಡ್ಸ್‌ವರ್ತ್‌ನ ಹೆಸರಿನಲ್ಲಿ ನಡೆಯುವ ಅನ್ಯಾಯ ಇನ್ನೂ ದೊಡ್ಡದು. 1800ರ ಮುನ್ನುಡಿಯಲ್ಲಿ ಅವನು ಕಾವ್ಯವನ್ನು ಭಾವದ ಉಕ್ಕು ಎಂದ, ನಿಜ. ಎಲ್ಲರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ಅಲ್ಲೇ ಮುಂದೆ, ದೀರ್ಘಕಾಲ ಆಳವಾಗಿ ಯೋಚಿಸಿದವನಿಗಷ್ಟೇ ಬೆಲೆಯುಳ್ಳ ಕವಿತೆ ಸಾಧ್ಯ ಎಂಬ ಮಾತೂ ಇದೆ. ಅವನು ಬರೆದ ಸುನೀತಗಳು ಐನೂರಕ್ಕೂ ಹೆಚ್ಚು. ಆ ಹದಿನಾಲ್ಕು ಸಾಲಿನ ಕಿರುಕೋಣೆಯಲ್ಲಿ ತನಗೆ ನೆಮ್ಮದಿಯಿದೆ ಎಂಬುದನ್ನೇ ವಸ್ತುವಾಗಿಸಿ ಒಂದು ಸುನೀತ ಬರೆದಿದ್ದಾನೆ.

ಫ್ರಾನ್ಸಿನಲ್ಲಿ ಮಾತ್ರ ಜಗಳ ನಿಜವಾದದ್ದು, ರಂಗಮಂದಿರದಲ್ಲೇ ನಡೆದದ್ದು. 1830ರ ಫೆಬ್ರವರಿ 25ರಂದು ಪ್ಯಾರಿಸ್ಸಿನ ಕಾಮೆದಿ ಫ್ರಾಂಸೇಸ್‌ನಲ್ಲಿ ವಿಕ್ಟರ್ ಹ್ಯೂಗೊನ ‘ಎರ್ನಾನಿ’ ನಾಟಕ. ಹ್ಯೂಗೊಗೆ ಮರುದಿನ 28 ತುಂಬಲಿತ್ತು; ಹದಿನೆಂಟರ ಕವಿ ಗೋತಿಯೇ ಕೆಂಪು ಅಂಗಿ ತೊಟ್ಟು ಅವನ ಪರವಾಗಿ ಬಂದು ಕೂತಿದ್ದ. ಗಲಾಟೆಗೆ ಮೊದಲ ಕಾರಣ ಸಿಕ್ಕಿದ್ದು ನಾಟಕದ ಪ್ರಾರಂಭದ ಎರಡು ಸಾಲಿನಲ್ಲೇ: ಒಂದು ಸಾಲು ಮುಗಿದರೂ ಪದಗುಚ್ಛ ಮುಗಿಯದೆ ಮುಂದಿನ ಸಾಲಿಗೆ ಹರಿದಿತ್ತು. ಹನ್ನೆರಡು ಉಚ್ಚಾರಾಂಶದ ಸಾಲು, ಆರಕ್ಕೆ ಯತಿ, ಕೊನೆಗೆ ನಿಲುಗಡೆ ಎಂಬ ಶಿಸ್ತಿಗೆ ಕಿವಿ ಪಳಗಿದ್ದ ಜನ ಕೂಗೆಬ್ಬಿಸಿದರು. ಅಷ್ಟು ದೊಡ್ಡ ಕ್ರಾಂತಿಕಾರಿಯೂ ಪ್ರಾಸವನ್ನಾಗಲಿ, ಹನ್ನೆರಡರ ಎಣಿಕೆಯನ್ನಾಗಲಿ ಬಿಡಲಿಲ್ಲ ಎಂಬುದನ್ನು ಮಾತ್ರ ನಾವು ನೆನಪಿಡಬೇಕು.

ಅಭಿಜಾತ, ರಮ್ಯ ಎರಡನ್ನೂ ತನ್ನ ಒಡಲಲ್ಲಿ ಹೊತ್ತು ತಿರುಗಿದವನು ಜರ್ಮನ್ ಕವಿ ಗಯಟೆ. 1774ರಲ್ಲಿ ‘ವೆರ್ಟರ್’ ಬರೆದು ಯುರೋಪಿನ ಯುವಕರನ್ನು ಅಳಿಸಿದವನೂ ಅವನೇ. 1786ರಲ್ಲಿ ಇಟಲಿಗೆ ಹೋಗಿ ಪ್ರಾಚೀನರ ಮುಂದೆ ಶಿಷ್ಯನಾಗಿ ಕೂತವನೂ ಅವನೇ. ಮುದುಕನಾದ ಮೇಲೆ, ತನ್ನ ಮಾತುಗಳನ್ನು ಬರೆದಿಡುತ್ತಿದ್ದ ಎಕರ್‌ಮನ್ನನ ಮುಂದೆ, ಅಭಿಜಾತವಾದದ್ದು ಆರೋಗ್ಯ, ರಮ್ಯವಾದದ್ದು ರೋಗ ಎಂದನೆಂದು ಎಲ್ಲರೂ ಹೇಳುತ್ತಾರೆ. ಅದು ಮಾತುಕತೆಯ ಮಾತು. ಕಾವ್ಯದಲ್ಲಿ ಅವನು ಮಾಡಿದ್ದು ಬೇರೆ. ‘ಫೌಸ್ಟ್’ ಎರಡನೆಯ ಭಾಗದ ಮೂರನೆಯ ಅಂಕದಲ್ಲಿ ಟ್ರಾಯ್‌ನ ಹೆಲೆನ್ ಪ್ರಾಸವಿಲ್ಲದ ಗ್ರೀಕ್ ನಾಟಕದ ಛಂದಸ್ಸಿನಲ್ಲಿ ಮಾತಾಡುತ್ತಾ ಬರುತ್ತಾಳೆ. ಫೌಸ್ಟನ ಕೋಟೆಯಲ್ಲಿ ಕಾವಲುಗಾರನ ಪ್ರಾಸಬದ್ಧ ಮಾತು ಕಿವಿಗೆ ಬಿದ್ದು ಅಚ್ಚರಿಪಡುತ್ತಾಳೆ. ಒಂದು ಶಬ್ದ ಬಂದು ಇನ್ನೊಂದನ್ನು ಮುದ್ದಿಸುವಂತಿದೆಯಲ್ಲ, ಹೀಗೆ ನಾನೂ ಮಾತಾಡುವುದು ಹೇಗೆ ಎಂದು ಕೇಳುತ್ತಾಳೆ. ಫೌಸ್ಟ್ ಒಂದು ಸಾಲು ಹೇಳುತ್ತಾನೆ, ಅವಳು ಪ್ರಾಸ ಕೂಡಿಸಿ ಮುಗಿಸುತ್ತಾಳೆ. ಅವರ ಪ್ರಣಯ ನಡೆಯುವುದೇ ಹೀಗೆ. ಯುರೋಪಿನ ಕಾವ್ಯದಲ್ಲಿ ಅಭಿಜಾತ ಮತ್ತು ರಮ್ಯಗಳ ಬಗ್ಗೆ ಬಂದ ಯಾವ ವಿಮರ್ಶೆಗಿಂತಲೂ ಈ ಒಂದು ಪುಟ ದೊಡ್ಡದು ಎಂದು ನಾನು ನಂಬುತ್ತೇನೆ. ಆ ಇಬ್ಬರಿಗೆ ಹುಟ್ಟಿ, ಆಕಾಶಕ್ಕೆ ನೆಗೆದು ಬಿದ್ದು ಸಾಯುವ ಮಗ ಯುಫೋರಿಯನ್‌ಗೆ ಗಯಟೆ ಮಾದರಿಯಾಗಿ ಇಟ್ಟುಕೊಂಡದ್ದು ಯಾರನ್ನು? ಬೈರನ್‌ನನ್ನು.

ಅಭಿಜಾತ ಮತ್ತು ರಮ್ಯಗಳ ನಡುವೆ ಗೋಡೆಯಿಲ್ಲ ಎಂಬುದು ನಮ್ಮಲ್ಲಿ ಬಿ.ಎಂ.ಶ್ರೀ. ಅವರಿಗೆ ತಿಳಿದಿತ್ತು. ‘ಇಂಗ್ಲಿಷ್ ಗೀತಗಳು’ ಕೊಟ್ಟು ಕನ್ನಡದ ಭಾವಗೀತೆಗೆ ದಾರಿ ತೆರೆದವರೇ ಸೊಫೊಕ್ಲಿಸನ ‘ಏಜಾಕ್ಸ್’ ಹಿಡಿದು ‘ಅಶ್ವತ್ಥಾಮನ್’ ಬರೆದರು, ಈಸ್ಕಿಲಸನ ‘ಪಾರಸಿಕರು’ ತಂದರು. ಅವರ ಶಿಷ್ಯಪರಂಪರೆಯಾದ ನಾವು ಮೊದಲಿನದನ್ನು ಹಾಡಿಕೊಂಡೆವು, ಎರಡನೆಯದನ್ನು ಕಪಾಟಿನಲ್ಲಿಟ್ಟೆವು.

ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಪೋಪನನ್ನು ಒಂದು ಸೆಮಿಸ್ಟರಿಗೂ ಕೀಟ್ಸ್‌ನನ್ನು ಇನ್ನೊಂದಕ್ಕೂ ಹಾಕಿ ದೂರ ಮಾಡಬೇಡಿ. ‘ಎಲೊಯಿಸಾ’ ಮತ್ತು ‘ಲೇಮಿಯ’ ಎರಡೂ ಸೇರಿ ಸಾವಿರದ ನೂರು ಸಾಲಿಗಿಂತ ಕಡಿಮೆ. ಒಂದೇ ವಾರದಲ್ಲಿ, ಒಂದರ ಹಿಂದೆ ಒಂದನ್ನು, ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸಿ.