ದಾವಣಗೆರೆ–ಹರಿಹರ ಸೀಮೆಯ ಓದುಗುಂಪುಗಳಲ್ಲಿ ನವಾಗತ ಸಂಸ್ಕಾರ: ಒಂದು ಶಾಸ್ತ್ರೀಯ ವಿವೇಚನೆ

ದಾವಣಗೆರೆ ಮತ್ತು ಹರಿಹರದಲ್ಲಿ ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಮುಂತಾದ ಸರ್ಕಾರಿ ಹುದ್ದೆಗಳ ಆಕಾಂಕ್ಷಿಗಳು ವಾಟ್ಸಾಪ್‌ನಲ್ಲಿ ಕಟ್ಟಿಕೊಂಡಿರುವ ಓದುಗುಂಪುಗಳು ಹೊಸಬರನ್ನು ಒಳಗೆ ಕರೆದುಕೊಳ್ಳುವ ಕ್ರಮವು ಷೋಡಶ ಸಂಸ್ಕಾರಗಳ ಪಟ್ಟಿಯಿಂದ ಬಿಟ್ಟುಹೋಗಿರುವುದಕ್ಕೆ, ಧರ್ಮಶಾಸ್ತ್ರಕಾರರ ಕಾಲದಲ್ಲಿ ನೆಟ್‌ವರ್ಕ್ ಇರಲಿಲ್ಲವೆಂಬುದನ್ನು ಬಿಟ್ಟರೆ ಬೇರೆ ಕಾರಣ ಕಾಣುವುದಿಲ್ಲ. ಸಂಸ್ಕಾರವು ಲಿಂಕ್‌ನಿಂದ ಆರಂಭವಾಗುತ್ತದೆ. ಲಿಂಕ್ ಎಂದರೆ ಒತ್ತಿದವನ ಅರ್ಹತೆ ವಿಚಾರಿಸದೆ ಒಳಗೆ ಬಿಡುವ, ಹಾಗಾಗಿಯೇ ಸಾಲದ ಆ್ಯಪಿನವರನ್ನೂ ಒಳಗೆ ಬಿಡುವ ಬಾಗಿಲು. ಗುಂಪೊಂದರ ಮಿತಿ ಹಿಂದೆ 256 ಇದ್ದದ್ದು 2022ರಲ್ಲಿ ಮೊದಲು 512ಕ್ಕೂ ಆಮೇಲೆ 1,024ಕ್ಕೂ ಏರಿದ್ದರಿಂದ, ‘ಗುಂಪು ಫುಲ್ ಆಗಿತ್ತು’ ಎಂದು ಮರ್ಯಾದೆಯಿಂದ ಹೊರಗುಳಿಯುತ್ತಿದ್ದವರಿಗೆ ಆ ನೆಪವೂ ತಪ್ಪಿತು.

ಒಳಬಂದವನಿಗೆ ನಿಯಮೋಪದೇಶವಾಗುತ್ತದೆ: ಶುಭೋದಯ ಹಾಕಬಾರದು, ರಾಜಕೀಯ ಕೂಡದು, ಏನನ್ನೇ ಕೇಳುವ ಮುನ್ನ ಮೇಲೆ ನೋಡಬೇಕು. ಇದನ್ನು ಓದದ ನವಾಗತನ ಮೊದಲ ಮಾತು ‘ಸರ್ ಪಿಡಿಎಫ್ ಇದ್ರೆ ಹಾಕಿ’ ಎಂಬುದಾಗಿರುತ್ತದೆ. ಕೆಲವರು ಇದನ್ನು ನಿಯಮಭಂಗವೆಂದು ಎಣಿಸಿದರೂ, ಎಲ್ಲ ಗುಂಪುಗಳಲ್ಲೂ ಅಕ್ಷರ ತಪ್ಪದೆ ಪುನರಾವರ್ತನೆಯಾಗುವುದರಿಂದ ಮಂಗಳಾಚರಣೆಯೆಂದು ಪರಿಗಣಿಸುವುದೇ ಯುಕ್ತ.

ಅನಂತರದ್ದು ಪರಿಚಯಕಾಂಡ, ‘ಯಾವ ಊರು?’ ಎಂಬ ಪ್ರಶ್ನೆ ಇದರ ಪ್ರಾಣ. ನಿಟ್ಟುವಳ್ಳಿ, ವಿದ್ಯಾನಗರದವರು ಸುಲಭವಾಗಿ ಪಾರಾಗುತ್ತಾರೆ. ಕುಮಾರಪಟ್ಟಣದವನು ತುಂಗಭದ್ರೆಯ ಆಚೆ ದಡದಲ್ಲಿ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿದ್ದರೂ ‘ಹರಿಹರ’ ಎಂದೇ ಬರೆಯುತ್ತಾನೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಜಟಿಲವಾದದ್ದು ಹರಪನಹಳ್ಳಿಯವನ ಪ್ರಕರಣ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಬಳ್ಳಾರಿಯಿಂದ ಇತ್ತ ಬಂದ ಆ ತಾಲ್ಲೂಕು, ಸಂವಿಧಾನದ 371ಜೆ ವಿಧಿಯ, ಎಂದರೆ ಹಿಂದೆ ಹೈದರಾಬಾದ್ ಕರ್ನಾಟಕ (ಎಚ್‌ಕೆ) ಎನಿಸಿದ್ದ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ ಮತ್ತು ನೇಮಕಾತಿಯಲ್ಲಿ ಪ್ರತ್ಯೇಕ ಮೀಸಲು ಕೊಡುವ ವಿಧಿಯ ಸೌಲಭ್ಯಕ್ಕಾಗಿ ಹೋರಾಡಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಸರ್ಕಾರವು ಅವನನ್ನು ಜಿಲ್ಲೆಯಿಂದ ತೆಗೆದರೂ ಅಡ್ಮಿನ್ ಗುಂಪಿನಿಂದ ತೆಗೆಯಲಿಲ್ಲ. ಕಟಾಫ್ ಪ್ರಕಟವಾದ ದಿನ ಮಾತ್ರ ‘ನಿಮಗೇನ್ ಬಿಡ್ರಿ, ಎಚ್‌ಕೆ ಇದೆ’ ಎಂಬ ಏಕವಾಕ್ಯದ ಬಹಿಷ್ಕಾರ ಅವನ ಮೇಲೆ ಜಾರಿಯಾಗಿ ಮರುದಿನ ತಾನಾಗಿ ತೆರವಾಗುತ್ತದೆ.

ಪರೀಕ್ಷಾಕಾಂಡವನ್ನು ವಿಸ್ತರಿಸಬೇಕಾಗಿಲ್ಲ. ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವರಾರೆಂಬ ಪ್ರಶ್ನೆಗೆ ದಾವಣಗೆರೆಯವನು, ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ, ಸುಮಾರು 1224 ಎಂದು ಥಟ್ಟನೆ ಉತ್ತರಿಸಿದರೆ, ಆ ಗುಡಿಯ ಓಣಿಯಲ್ಲೇ ಬೆಳೆದವನು ‘ಆಪ್ಷನ್ ಕೊಡಿ ಸರ್’ ಎನ್ನುತ್ತಾನೆ.

ಇನ್ನು ದೀಕ್ಷಾಗುರುವಾದ ಅಡ್ಮಿನ್‌ನ ವಿಚಾರ. ನೇಮಕಾತಿ ಆದೇಶ ಕೈಸೇರಿದವರು ಎಲ್ಲರ ಅಭಿನಂದನೆ ಸ್ವೀಕರಿಸಿ ಕೆಲವೇ ದಿನಗಳಲ್ಲಿ ಗುಂಪು ಬಿಡುವುದರಿಂದ, ಹೊಸಬರಿಗೆ ದಾರಿ ತೋರುವ ಹೊಣೆಯು ದಾರಿ ಇನ್ನೂ ಸಿಗದವರ ಮೇಲೆ ಬೀಳುವುದು ಅನಿವಾರ್ಯ. ವಯೋಮಿತಿಯ ಅಂಚಿಗೆ ಬಂದಿರುವ ಈ ಗುರುವು ನೆಗೆಟಿವ್ ಅಂಕವಿದ್ದಲ್ಲಿ ಯಾವ ಪ್ರಶ್ನೆ ಬಿಡಬೇಕೆಂಬುದನ್ನು ಕರಾರುವಾಕ್ಕಾಗಿ ಬಲ್ಲನು, ಏಕೆಂದರೆ ಅವುಗಳಲ್ಲಿ ಒಂದನ್ನೂ ಅವನು ಬಿಟ್ಟವನಲ್ಲ. ಗುರುವೂ ಶಿಷ್ಯನೂ ಒಂದೇ ಹುದ್ದೆಗೆ ಅರ್ಜಿ ಹಾಕುವುದು ನಮ್ಮ ಪರಂಪರೆಯಲ್ಲಿ ತೀರ ಹೊಸತು. ಇಬ್ಬರಿಗೂ ಒಂದೇ ಪರೀಕ್ಷಾ ಕೇಂದ್ರ ಬಿದ್ದಾಗ ಬೈಕು ಗುರುವಿನದು, ಪೆಟ್ರೋಲು ಶಿಷ್ಯನದು ಎಂಬ ವ್ಯವಸ್ಥೆಯಲ್ಲಿ ಜೊತೆಯಾಗಿಯೇ ಹೊರಡುತ್ತಾರೆ.