ಬಡ್ಡಿಯೂ ಇಲ್ಲ, ಅಸಲೂ ಇಲ್ಲ

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ನಾನು ಖಜಾಂಚಿಯಾದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಒಂದು ಸಂಘ ಹುಟ್ಟಬೇಕಾದರೆ ಕಡಿಮೆಯೆಂದರೂ ಏಳು ಜನ ಬೇಕು. ಊರ ಸುತ್ತಮುತ್ತ ಹಾಸಿಗೆ ಹಿಡಿದ ಮುದುಕ ಮುದುಕಿಯರ ಮನೆಗೇ ಹೋಗಿ ಹುಣ್ಣು ತೊಳೆದು, ಬಿಪಿ ನೋಡಿ, ಮಾತ್ರೆ ಕೊಟ್ಟು ಬರುವುದಕ್ಕೊಂದು ಸಂಘ ಕಟ್ಟುತ್ತೇವೆಂದು ಹೊರಟವರಿಗೆ ಆರು ಜನ ಸಿಕ್ಕಿದ್ದರು. ಏಳನೆಯವನನ್ನು ಹುಡುಕುತ್ತ ಬಂದಾಗ ನಾನು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದೆ. ನಿವೃತ್ತ ಕನ್ನಡ ಮೇಷ್ಟ್ರು. ಪಿಂಚಣಿ ಬರುತ್ತದೆ, ಕೆಲಸ ಬರುವುದಿಲ್ಲ. "ಬರೀ ಸಹಿ ಹಾಕಿದ್ರೆ ಸಾಕು ಮೇಷ್ಟ್ರೇ" ಅಂದರು. ಈ ಮಾತು ನಂಬಿ ಕೆಟ್ಟವರಲ್ಲಿ ಸಾಲಕ್ಕೆ ಜಾಮೀನು ನಿಂತವರದು ಮೊದಲ ಸ್ಥಾನ, ಖಜಾಂಚಿಗಳದು ಎರಡನೆಯದು.

ಮೊದಲ ವರ್ಷ ಚಂದಾ ಎತ್ತಿ ನಡೆಸಿದೆವು. ಎರಡನೇ ವರ್ಷ ಚಂದಾ ಕೇಳಲು ಹೋದರೆ ಮನೆಯವರು ತೋಟದ ಕಡೆ ಹೋಗಿರುತ್ತಿದ್ದರು, ಚಪ್ಪಲಿ ಮಾತ್ರ ಬಾಗಿಲಲ್ಲೇ ಇರುತ್ತಿತ್ತು. ಆಗ ಯಾರೋ 'ಅನುದಾನ' ಎಂಬ ಪದವನ್ನು ಸಭೆಯಲ್ಲಿ ಉಚ್ಚರಿಸಿದರು.

ಅನುದಾನದ ದಾರಿಯಲ್ಲಿ ಮೊದಲು ಸಿಕ್ಕಿದ್ದು ಹಣವಲ್ಲ, ನಂಬರುಗಳು. ಆದಾಯ ತೆರಿಗೆಯವರ ಹನ್ನೆರಡು ಎ, ದಾನಿಗೆ ರಿಯಾಯಿತಿ ಕೊಡಿಸುವ ಎಂಬತ್ತು ಜಿ, ನೀತಿ ಆಯೋಗದ ದರ್ಪಣ ಪೋರ್ಟಲ್‌ನ ಐಡಿ, ಕಂಪನಿ ದುಡ್ಡು ಬೇಕಿದ್ದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1. ನನ್ನ ಹೆಂಡತಿ ಹನ್ನೆರಡು ಎ, ಎಂಬತ್ತು ಜಿ ಎಂದರೆ ಬೆಂಗಳೂರಿನ ಸಿಟಿ ಬಸ್ಸುಗಳೆಂದೇ ತಿಳಿದಿದ್ದಳು. ತಪ್ಪೇನಿಲ್ಲ. ಎರಡಕ್ಕೂ ಗಂಟೆಗಟ್ಟಲೆ ಕಾಯಬೇಕು.

ವಿದೇಶದ ಹಣದ ಮೇಲೂ ಒಮ್ಮೆ ಕಣ್ಣು ಹಾಕಿದೆವು. ಅಧ್ಯಕ್ಷರ ಅಳಿಯ ಅಮೆರಿಕದಲ್ಲಿದ್ದಾನೆ, ಕನ್ನಡ ಕೂಟದವರ ಕಿವಿಗೆ ಹಾಕುತ್ತೇನೆ ಅಂದ. ವಿಚಾರಿಸಿದರೆ, ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು. ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಸೇವೆಗೆಂದೇ ಖರ್ಚಾಗಿರಬೇಕು. ಹಣವಿಲ್ಲವೆಂದು ಹಣ ಕೇಳಲು ಹೋದರೆ, ಮೊದಲು ಖರ್ಚು ಮಾಡಿ ಬನ್ನಿ ಎಂಬ ಉತ್ತರ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಅದೂ ಆಯಿತೆನ್ನಿ, 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬಂದು ಬೀಳಬೇಕಾದ್ದು ದೆಹಲಿಯ ಸಂಸತ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೆ. ಹನ್ನೆರಡು ಕಿಲೋಮೀಟರ್ ದೂರದ ಬ್ಯಾಂಕಿಗೇ ಮಳೆಗಾಲದಲ್ಲಿ ಹೋಗಲಾಗದ ನಾವು ಅಳಿಯನಿಗೆ ಥ್ಯಾಂಕ್ಸ್ ಹೇಳಿ ಸುಮ್ಮನಾದೆವು.

ಉಳಿದದ್ದು ಕಂಪನಿಗಳು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ಓದಿ ಖುಷಿಯಾಯಿತು. ಮುಂದಿನ ಸಾಲಿನಲ್ಲಿ, ತಾವು ಇರುವ ಆಸುಪಾಸಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದಿತ್ತು. ದೊಡ್ಡ ಕಾರ್ಖಾನೆಗಳಿರುವ ಬಿಡದಿಯವರಿಗೆ, ತೋರಣಗಲ್ಲಿನವರಿಗೆ ಇದು ಸರಿ. ನಮ್ಮ ಆಸುಪಾಸಿನಲ್ಲಿರುವ ಉದ್ಯಮಗಳೆಂದರೆ ಒಂದು ಅಕ್ಕಿ ಗಿರಣಿ, ಒಂದು ಹಾಳೆತಟ್ಟೆ ಘಟಕ. ಗಿರಣಿ ಮಾಲೀಕ ನಮ್ಮ ಸಂಘದ ಉಪಾಧ್ಯಕ್ಷನೇ. ಅವನ ನೂರಕ್ಕೆ ಎರಡನ್ನು ನಾವು ಕಾಫಿ ರೂಪದಲ್ಲಿ ಆಗಲೇ ಕುಡಿದು ಮುಗಿಸಿದ್ದೆವು.

ಆದರೂ ಒಂದು ಕಂಪನಿ ಕರುಣೆ ತೋರಿತು. ಆಂಬುಲೆನ್ಸ್ ಕೊಟ್ಟಿತು. ಫ್ಲೆಕ್ಸ್ ಕಟ್ಟಿದೆವು, ತೆಂಗಿನಕಾಯಿ ಒಡೆದೆವು, ನಾಲ್ಕು ಕಡೆಯಿಂದ ಫೋಟೊ ತೆಗೆಸಿಕೊಂಡೆವು. ವಾಹನದ ಎರಡೂ ಪಕ್ಕದಲ್ಲಿ ಕಂಪನಿಯ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ, ಕಾಯಿಲೆಯವರು ಒಳಗೆ ಮಲಗುವುದಕ್ಕಿಂತ ಹೊರಗೆ ನಿಂತು ಓದುವುದೇ ಹೆಚ್ಚಾಯಿತು. ಡೀಸೆಲ್‌ಗೆ ಏನು ಮಾಡೋಣ, ಡ್ರೈವರ್ ಸಂಬಳಕ್ಕೆ ಏನು ಮಾಡೋಣ ಎಂದು ಕೇಳಿದ್ದಕ್ಕೆ, "ರಿಕರಿಂಗ್ ಖರ್ಚು ನಮ್ಮ ಪಾಲಿಸಿಯಲ್ಲಿಲ್ಲ" ಎಂದು ಬಹಳ ಮರ್ಯಾದೆಯಿಂದ ಬರೆದರು. ಕೊಡುವವರಿಗೆ ಎಂದೂ ಕಣ್ಣಿಗೆ ಕಾಣುವುದರ ಮೇಲೆ ಪ್ರೀತಿ. ಬೆಡ್ ಕೊಡುತ್ತಾರೆ, ಹೊಲಿಗೆ ಯಂತ್ರ ಕೊಡುತ್ತಾರೆ. ಸಂಬಳಕ್ಕೆ ಹೆಸರು ಬರೆಸಲಾಗುವುದಿಲ್ಲವಲ್ಲ! ಮನೆಮನೆಗೆ ಹೋಗಿ ಹುಣ್ಣು ತೊಳೆಯುವ ನಮ್ಮ ನರ್ಸ್ ಸಿಸ್ಟರ್ ಬೆನ್ನ ಮೇಲೆ ಲೋಗೊ ಅಂಟಿಸುತ್ತೇವೆಂದರೆ ಒಪ್ಪುತ್ತಿದ್ದರೋ ಏನೋ, ಸಿಸ್ಟರ್‌ನ ಕೇಳುವ ಧೈರ್ಯ ನನಗಿರಲಿಲ್ಲ.

ಈ ನಡುವೆ ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ. ಎಸಿ ಹಾಲ್, ಬಣ್ಣಬಣ್ಣದ ಚೀಟಿ, ಗೋಡೆಗೆ ಅಂಟಿಸಿ ತೆಗೆಯುವ ಕೆಲಸ. ಔಟ್‌ಪುಟ್ ಬೇರೆ, ಔಟ್‌ಕಮ್ ಬೇರೆ, ಇಂಪ್ಯಾಕ್ಟ್ ಬೇರೆ ಎಂದು ಹೇಳಿಕೊಟ್ಟರು. ಮೂವತ್ತು ವರ್ಷ ತತ್ಸಮ ತದ್ಭವ ಕಲಿಸಿದ ನನಗೇ ವ್ಯತ್ಯಾಸ ತಿಳಿಯಲಿಲ್ಲ. ಊಟದ ಹೊತ್ತಿಗೆ ಸಿಸ್ಟರ್ ಬಿಡಿಸಿ ಹೇಳಿದರು: "ನೋಡಿ ಸಾರ್, ಕೆರೆಕೋಡಿ ಅಜ್ಜಿ ಕಾಲಿಗೆ ಹದಿನೆಂಟು ಸಲ ಡ್ರೆಸ್ಸಿಂಗ್ ಮಾಡಿದ್ದು ಔಟ್‌ಪುಟ್. ಅಜ್ಜಿ ಎದ್ದು ತಾನೇ ಬಚ್ಚಲಿಗೆ ಹೋಗಿದ್ದು ಔಟ್‌ಕಮ್. ಸೊಸೆ ಮತ್ತೆ ಕೂಲಿಗೆ ಹೋಗೋಕೆ ಶುರು ಮಾಡಿದ್ಲಲ್ಲ, ಅದು ಇಂಪ್ಯಾಕ್ಟ್." ಆ ತರಬೇತಿಗೆ ಖರ್ಚಾದ ಒಟ್ಟು ಹಣದಲ್ಲಿ ಈ ಮೂರು ವಾಕ್ಯವೇ ನನಗೆ ದಕ್ಕಿದ್ದು, ನಷ್ಟವೇನಿಲ್ಲ.

ನಿಜವಾದ ತರಬೇತಿ ಆದದ್ದು ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಹೊಸ ಆಸ್ಪತ್ರೆ ಕಟ್ಟಲು ಹಣ ಹುಡುಕುವ ಬದಲು, ಇದ್ದ ಸರ್ಕಾರಿ ಆಸ್ಪತ್ರೆಯನ್ನೇ ನಡೆಸಿದರು! ನೋಡಿಕೊಂಡು ಬಸ್ಸಿನಲ್ಲಿ ವಾಪಸ್ಸು ಬರುವಾಗ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಉಪಾಧ್ಯಕ್ಷ ಮಾತ್ರ ಕೊಳ್ಳೇಗಾಲ ದಾಟುವಾಗ, "ನಾವು ಆಂಬುಲೆನ್ಸ್ ತಗೊಂಡು ಬೇಸ್ತು ಬಿದ್ವಿ" ಅಂದ.

ಆಮೇಲೆಯೇ ಊರಿನ ಆಶಾ ಅಕ್ಕನನ್ನು ಕೂರಿಸಿಕೊಂಡು ಮಾತಾಡಿದ್ದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತನಿಧಿ ಉಂಟು, ಪಂಚಾಯ್ತಿ ಮೆಂಬರು ಮತ್ತು ತನ್ನ ಜಂಟಿ ಖಾತೆಗೆ ಬರುತ್ತದೆ ಅಂದಳು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ನಾನೇ ಎಷ್ಟು ಸಲ ಪಾಠ ಮಾಡಿದ್ದೆ! "ಮೊದ್ಲೇ ಹೇಳ್ಬಾರ್ದಿತ್ತಾ?" ಅಂದೆ. "ನೀವು ಕೇಳಿದ್ದು ಕೋಟಿ ಲೆಕ್ಕದ್ದಲ್ವಾ ಮೇಷ್ಟ್ರೇ" ಅಂದಳು.

ಲೆಕ್ಕದ್ದೂ ಒಂದು ಕಥೆ. ಮಳೆಗಾಲದಲ್ಲಿ ಹಳ್ಳದ ಸಂಕ ದಾಟಿ ಔಷಧಿ ಡಬ್ಬ ಹೊತ್ತು ಹೋಗುವ ಹೆಂಗಸಿಗೆ ಸಲಕ್ಕೆ ಐವತ್ತು ರೂಪಾಯಿ ಕೊಡುತ್ತೇವೆ. ಆಡಿಟರ್ ಬಿಲ್ ಕೇಳಿದರು. ಸಂಕಕ್ಕೆ ಜಿಎಸ್‌ಟಿ ನಂಬರಿಲ್ಲ ಎಂದೆ. ವೋಚರಿಗೆ ಹೆಬ್ಬೆಟ್ಟು ಹಾಕಿಸಿ ಎಂದರು. ಅವಳು ಕೈಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳ ಅಪ್ಪ ಒಂದು ಹೆಬ್ಬೆಟ್ಟಿನಲ್ಲಿ ಗದ್ದೆ ಕಳೆದುಕೊಂಡಿದ್ದನಂತೆ. ಐವತ್ತು ರೂಪಾಯಿಯೇ ಬೇಡ, ಡಬ್ಬ ಸುಮ್ಮನೆ ಹೊರುತ್ತೇನೆ ಅಂದಳು. ಕೊನೆಗೆ ಅವಳ ಮೊಮ್ಮಗಳು, ಐದನೇ ಕ್ಲಾಸು, ಅಜ್ಜಿಯನ್ನು ಎರಡು ವಾರ ಕೂರಿಸಿ ಹೆಸರು ಬರೆಯಲು ಕಲಿಸಿದಳು. ಈಗ ವೋಚರಿನ ತುಂಬ ಅವಳ ಸಹಿಯೇ. ನನ್ನ ಸಹಿಗೆ ಜಾಗ ಉಳಿಯುವುದಿಲ್ಲ.

ಮೊನ್ನೆ ಅಧ್ಯಕ್ಷರು ಹೊಸ ಸುದ್ದಿ ತಂದರು. ಷೇರುಪೇಟೆಯಲ್ಲಿ ಈಗ ಸಾಮಾಜಿಕ ವಿಭಾಗವೂ ಇದೆ, ಸೆಬಿ 2022ರಲ್ಲಿ ಅದಕ್ಕೆ ನಿಯಮ ಮಾಡಿದೆ, 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್ ಅಲ್ಲಿ ಮೊದಲನೆಯದಾಗಿ ಪಟ್ಟಿಗೆ ಸೇರಿತು ಎಂದರು. ಅಲ್ಲಿ ಕೊಳ್ಳುವ ಪತ್ರಕ್ಕೆ ಝೀರೊ ಕೂಪನ್, ಝೀರೊ ಪ್ರಿನ್ಸಿಪಲ್ ಎಂದು ಹೆಸರು. ಹಾಕಿದವರಿಗೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ನನ್ನ ಹೆಂಡತಿ ಒಳಗಿನಿಂದಲೇ, "ಅದೇ ನಮ್ಮ ಭಾವ ತಗೊಂಡು ಹೋದ್ರಲ್ಲ" ಅಂದಳು. ನಾವು ಸೇರಬಹುದೇ ಎಂದು ನೋಡಿದರೆ ಸಂಘದ ಖರ್ಚು ವರ್ಷಕ್ಕೆ 50 ಲಕ್ಷವಾದರೂ ಇರಬೇಕು. ಭಾವನಿಗೆ ಅಂಥ ಷರತ್ತೇನೂ ಇರಲಿಲ್ಲ.

ಈಗ ಮತ್ತೊಂದು ಅರ್ಜಿ ತುಂಬುತ್ತ ಕೂತಿದ್ದೇನೆ. ಕೊನೆಯ ಪ್ರಶ್ನೆ: ಅನುದಾನ ಮುಗಿದ ಮೇಲೆ ಯೋಜನೆ ಹೇಗೆ ಮುಂದುವರಿಯುತ್ತದೆ? ಐನೂರು ಅಕ್ಷರ ಮೀರಬಾರದು. ಎರಡು ದಿನ ಯೋಚಿಸಿ ಸಿಸ್ಟರ್‌ಗೆ ಫೋನ್ ಮಾಡಿದೆ. ಅವರು ಯಾರದೋ ಮನೆಯಲ್ಲಿ ಹುಣ್ಣು ತೊಳೆಯುತ್ತಿದ್ದರು. ಹಿಂದೆ ನೀರು ಚೆಲ್ಲುವ ಸದ್ದು. "ಅನುದಾನ ಇಲ್ಲದೆ ಇಷ್ಟು ದಿನ ಹೇಗೆ ನಡೀತೋ ಹಾಗೇ ಅಂತ ಬರೀರಿ ಸಾರ್" ಅಂದು ಇಟ್ಟರು.

ಹಾಗೇ ಬರೆದೆ. ಒತ್ತಿದರೆ ಮುಂದಕ್ಕೆ ಹೋಗುತ್ತಿಲ್ಲ. ಆ ಉತ್ತರಕ್ಕೆ ಆಧಾರವಾಗಿ ಒಂದು ಪಿಡಿಎಫ್ ಲಗತ್ತಿಸಬೇಕಂತೆ.